ನಕ್ಷತ್ರಕ್ಕೆ ಅಡ್ಡ ಬರುವ ಕ್ಷುದ್ರಗ್ರಹ

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತಿರುವ ಅಸಂಖ್ಯ ಕ್ಷುದ್ರಗ್ರಹಗಳಲ್ಲಿ ಹೆಚ್ಚಿನವು ದೊಡ್ಡ ದೂರದರ್ಶಕದಲ್ಲಿಯೂ ಬರಿಯ ಚುಕ್ಕೆಗಳಾಗಿಯೇ ತೋರುವುವು. ಆದರೂ ಅವುಗಳ ಗಾತ್ರ, ಆಕಾರಗಳನ್ನು ಅಳೆಯಲು ಹವ್ಯಾಸಿಗಳಿಗೂ ಎಟುಕುವ ಉಪಾಯವೊಂದುಂಟು. ಕ್ಷುದ್ರಗ್ರಹವೊಂದು ನಕ್ಷತ್ರಕ್ಕೆ ಅಡ್ಡ ಬಂದಾಗ ನಕ್ಷತ್ರವು ಥಟ್ಟನೆ ಮರೆಯಾಗಿ, ಕೆಲವು ಸೆಕೆಂಡುಗಳ ಬಳಿಕ ಮತ್ತೆ ಬೆಳಗುವುದು. ಇದಕ್ಕೆ ಆಚ್ಛಾದನೆಯೆಂದು ಹೆಸರು. 1961ರ ಅಕ್ಟೋಬರ್ 2ರಂದು ಪಲ್ಲಾಸ್ ಎಂಬ ಕ್ಷುದ್ರಗ್ರಹವು ಹೀಗೆ ನಕ್ಷತ್ರವೊಂದನ್ನು ಮರೆಮಾಡಿದುದನ್ನು ನೈನಿತಾಲಿನ ವೀಕ್ಷಣಾಲಯದವರು ದ್ಯುತಿವಿದ್ಯುತ್ ಉಪಕರಣದಿಂದ ದಾಖಲಿಸಿದ್ದರು.

ನಕ್ಷತ್ರವು ಬಹು ದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾಂತರವಾಗಿ ಬರುವುವು. ಆದುದರಿಂದ ಭೂಮಿಯ ಕಡೆಗೆ ಚಾಚುವ ನೆರಳು ಕ್ಷುದ್ರಗ್ರಹದಷ್ಟೇ ಅಗಲ. ಈ ನೆರಳು ಸೆಕೆಂಡಿಗೆ 20 ಕಿಲೋಮೀಟರಿನಂತೆ ಧಾವಿಸುತ್ತಿದ್ದು, ನಕ್ಷತ್ರವು 2 ಸೆಕೆಂಡು ಮರೆಯಾಗಿದ್ದರೆ, ಅಡ್ಡ ಬಂದ ಭಾಗದ ಉದ್ದ 40 ಕಿಲೋಮೀಟರು. ಲೆಕ್ಕ ಇಷ್ಟೇ! ಆದರೆ ಕಾಲಗಣನೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲು ತಪ್ಪಿದರೂ ಅಳತೆಯು 2 ಕಿಲೋಮೀಟರು ತಪ್ಪುವುದು. ಉಪಗ್ರಹಗಳಿಂದ ನಿಖರವಾದ ಕಾಲವನ್ನು ಪಡೆಯುವ ವಿಡಿಯೋ ಕ್ಯಾಮರಾ ಈಗ ಆ ಚಿಂತೆಯನ್ನು ಬಹಳ ಮಟ್ಟಿಗೆ ನೀಗಿದೆ.

ಒಬ್ಬನಿಗೆ ದೊರೆಯುವುದು ಒಂದೇ ಗೆರೆ. ಅದು ಕ್ಷುದ್ರಗ್ರಹದ ನಡುವೆ ಹಾದುದೋ ಅಂಚಿನಲ್ಲಿ ಹಾದುದೋ ತಿಳಿಯದು. ಇಂಥ ನೆರಳೊಂದು ಹೊಸಪೇಟೆಯ ಸೀಮೆಯನ್ನು ಪೂರ್ವಪಶ್ಚಿಮವಾಗಿ ದಾಟುವುದೆಂದು ಭಾವಿಸೋಣ. ದಕ್ಷಿಣದಿಂದ ಉತ್ತರಕ್ಕೆ ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ. ಈ ಎರಡು ತುದಿಗಳ ನಡುವೆ ಉತ್ತರದಕ್ಷಿಣವಾಗಿ ಸುಮಾರು 35 ಕಿಲೋಮೀಟರು. ನಾಲ್ಕೂ ಊರುಗಳಲ್ಲಿ ನಿಂತವರ ನಾಲ್ಕು ಗೆರೆಗಳನ್ನು ಒಂದರ ಕೆಳಗೊಂದು ಎಳೆದರೆ ಕ್ಷುದ್ರಗ್ರಹದ ಮೈಕಟ್ಟು ಕಾಗದದ ಮೇಲೆ ಮೂಡುವುದು. ಎಲ್ಲರೂ ಹಂಪಿಯ ಹೇಮಕೂಟದಲ್ಲಿಯೇ ಗುಂಪುಗೂಡುವುದು ಮನಸ್ಸಿಗೆ ಹಿತವೇನೋ ಹೌದು. ಆದರೆ ದೊರೆಯುವುದು ಅದೇ ಒಂದು ಗೆರೆ.

ಕಂಪ್ಲಿಯಲ್ಲಿ ನಕ್ಷತ್ರವು ಮರೆಯಾಗದಿದ್ದರೆ? ಅಲ್ಲಿಯವರು ರಾತ್ರಿಯೆಲ್ಲ ವ್ಯರ್ಥವಾಯಿತೆಂದು ವರದಿಯನ್ನೇ ಬರೆಯದಿರುವುದುಂಟು. ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡ ನಷ್ಟ. ಹಂಪಿಯಲ್ಲಿ ಮರೆಯಾದ ನಕ್ಷತ್ರವು ಕಂಪ್ಲಿಯಲ್ಲಿ ಬೆಳಗುತ್ತಿದ್ದಿತೆಂದರೆ ನೆರಳಿನ ಉತ್ತರದ ಅಂಚು ಇವೆರಡರ ನಡುವೆ ಇದ್ದಿತೆಂದೇ ಅರ್ಥ. ನೋಡಿದ ನಕ್ಷತ್ರವು ಅದೇ, ಮೋಡವು ಅಡ್ಡ ಬಂದಿರಲಿಲ್ಲ, ಎಂಬ ಖಾತರಿಯೊಂದಿರಬೇಕು.

ಗೊತ್ತಾದ ಸಮಯಕ್ಕಿಂತ ಕೆಲವು ನಿಮಿಷ ಮೊದಲೇ ದಾಖಲೆಯನ್ನು ಆರಂಭಿಸುವುದು ಲೇಸು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಸಮೀಪಿಸುತ್ತಿದ್ದಾಗ, ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿಯವರು ನಕ್ಷತ್ರದ ಬೆಳಕು ಕೆಲವು ಕ್ಷಣ ಕುಗ್ಗಿದುದನ್ನು ದಾಖಲಿಸಿದರು. ಗ್ರಹದ ಬಿಂಬವಾದರೋ ಇನ್ನೂ ದೂರವಿದ್ದಿತು. ಅಡ್ಡ ಬಂದಿದ್ದುದು ಅಲ್ಲಿಯವರೆಗೆ ಯಾರೂ ಅರಿಯದಿದ್ದ ಯುರೇನಸ್ಸಿನ ಉಂಗುರ.