ಅನುವಾದದಲ್ಲಿ ಉಳಿಯುವ ಒಗಟು: ಪ್ರಾಚೀನ ಗ್ರೀಕ್ ವಿರೋಧಾಭಾಸಗಳ ಅರ್ಥವಿಚಾರ

ಸಾರಾಂಶ: ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದ ವಿರೋಧಾಭಾಸಗಳಲ್ಲಿ ಕೆಲವು ಕನ್ನಡಕ್ಕೆ ಬಂದೊಡನೆ ಕರಗುತ್ತವೆ; ಕೆಲವು ಹಾಗೆಯೇ ಉಳಿಯುತ್ತವೆ. ಈ ವ್ಯತ್ಯಾಸವನ್ನು ಅರಿಸ್ಟಾಟಲನ ವಿಭಜನೆಯ ಹಿನ್ನೆಲೆಯಲ್ಲಿ ಪರಿಶೀಲಿಸಿ, ಅನುವಾದಕನ ಪದಾಯ್ಕೆಯೇ ವ್ಯಾಖ್ಯಾನವಾಗುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ಪೀಠಿಕೆ

ಗ್ರೀಕಿನ 'ಪರಾಡಾಕ್ಸೋಸ್' ಎಂಬ ಪದಕ್ಕೆ 'ರೂಢಿಯ ಅಭಿಪ್ರಾಯಕ್ಕೆ ವಿರುದ್ಧವಾದುದು' ಎಂದರ್ಥ. ಅದಕ್ಕೆ ಸಂವಾದಿಯಾಗಿ ನಾವು ಬಳಸುವ 'ವಿರೋಧಾಭಾಸ' ಅಲಂಕಾರಶಾಸ್ತ್ರದಿಂದ ಬಂದುದು. ಅಲ್ಲಿ ವಿರೋಧವು ತೋರಿಕೆಯದು ಮಾತ್ರ. ಸರಿಯಾಗಿ ಅನ್ವಯಿಸಿಕೊಂಡರೆ ಅದು ಪರಿಹಾರವಾಗುತ್ತದೆ. ಗ್ರೀಕ್ ಪದವು ಪರಿಹಾರದ ಕುರಿತು ಏನನ್ನೂ ಹೇಳದು. ನಮ್ಮ ಪದವಾದರೋ ಪರಿಹಾರವುಂಟೆಂದು ಮೊದಲೇ ಸೂಚಿಸುತ್ತದೆ. ಹೀಗೆ ವ್ಯಾಖ್ಯಾನವು ಹೆಸರಿನಲ್ಲಿಯೇ ಆರಂಭವಾಗಿರುತ್ತದೆ.

ತೋರಿಕೆಯ ಖಂಡನೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅರಿಸ್ಟಾಟಲನು ತರ್ಕದೋಷಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದ್ದಾನೆ: ನುಡಿಯನ್ನು ಅವಲಂಬಿಸಿದವು 6, ನುಡಿಯ ಹೊರಗಿನವು 7. ಒಂದು ಒಗಟು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ತಿಳಿಯಲು ಅದನ್ನು ಬೇರೊಂದು ಭಾಷೆಯಲ್ಲಿ ಮರುನುಡಿದು ನೋಡುವುದು ಸಹಜವಾದ ಪರೀಕ್ಷೆ. ಈ ಪರೀಕ್ಷೆ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದೇ ಇಲ್ಲಿಯ ಪ್ರಶ್ನೆ.

2. ಕರಗುವ ಒಗಟು

ಪ್ಲೇಟೋನ 'ಯೂಥಿಡೀಮಸ್' ಸಂವಾದದಲ್ಲಿ ಕ್ಲೈನಿಯಾಸ್ ಎಂಬ ಬಾಲಕನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಕಲಿಯುವವರು ಜಾಣರೋ, ಅರಿಯದವರೋ? ಅವನು ಯಾವ ಉತ್ತರ ಕೊಟ್ಟರೂ ಸೋಫಿಸ್ಟ್ ಸೋದರರು ಅದನ್ನು ಖಂಡಿಸುತ್ತಾರೆ. ಸಾಕ್ರಟೀಸನು ಮಧ್ಯೆ ಪ್ರವೇಶಿಸಿ, 'ಮಂಥಾನೇನ್' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿರುವುದನ್ನು ತೋರಿಸುತ್ತಾನೆ: ಇಲ್ಲದ ಜ್ಞಾನವನ್ನು ಪಡೆಯುವುದು, ಇರುವ ಜ್ಞಾನದ ಬಲದಿಂದ ಒಂದು ವಿಷಯವನ್ನು ಗ್ರಹಿಸುವುದು.

ಕನ್ನಡದಲ್ಲಿ ಇದನ್ನು 'ಕಲಿ' ಎಂದು ಅನುವಾದಿಸಿದರೆ ಒಗಟು ಅಲ್ಲಿಯೇ ಬಿದ್ದುಹೋಗುತ್ತದೆ, ಏಕೆಂದರೆ 'ಕಲಿ'ಯು ಎರಡನೆಯ ಅರ್ಥವನ್ನು ಒಳಗೊಳ್ಳುವುದಿಲ್ಲ. 'ತಿಳಿದುಕೊಳ್ಳು' ಎಂದರೆ ಒಗಟು ಬಹುಮಟ್ಟಿಗೆ ಉಳಿಯುತ್ತದೆ: ಹೊಸ ಸಂಗತಿಯನ್ನೂ ತಿಳಿದುಕೊಳ್ಳುತ್ತೇವೆ, ಹೇಳಿದ ಮಾತನ್ನೂ ತಿಳಿದುಕೊಳ್ಳುತ್ತೇವೆ. ಆದ್ದರಿಂದ ಪರೀಕ್ಷೆಯು ಏಕಮುಖವಾದುದು. ಒಗಟು ಕರಗಿದರೆ ಅದು ಪದವೊಂದರ ನಾನಾರ್ಥವನ್ನು ನೆಚ್ಚಿತ್ತೆಂದು ಊಹಿಸಬಹುದು. ಉಳಿದರೆ ಅದು ನುಡಿಯ ಹೊರಗಿನದೆಂದು ನಿರ್ಣಯಿಸಲಾಗದು. ಎರಡು ಭಾಷೆಗಳಲ್ಲಿಯೂ ಒಂದೇ ನಾನಾರ್ಥವಿರುವುದು ಸಾಧ್ಯ.

3. ಉಳಿಯುವ ಒಗಟು

ಮಿಲೇಟಸಿನ ಯೂಬ್ಯುಲಿಡೀಸನು ರಚಿಸಿದನೆಂದು ಡಯಾಜಿನೀಸ್ ಲೇರ್ಷಿಯಸ್ ಪಟ್ಟಿಮಾಡುವ 7 ವಾದಗಳಲ್ಲಿ 'ಕೊಂಬುಳ್ಳವ' ಎಂಬುದೊಂದು: ನೀನು ಯಾವುದನ್ನು ಕಳೆದುಕೊಂಡಿಲ್ಲವೋ ಅದು ನಿನಗಿದೆ, ನೀನು ಕೊಂಬುಗಳನ್ನು ಕಳೆದುಕೊಂಡಿಲ್ಲ, ಆದ್ದರಿಂದ ನಿನಗೆ ಕೊಂಬುಗಳಿವೆ.

ಇಲ್ಲಿ 'ಕಳೆದುಕೊಳ್ಳು' ಪದದ ಅರ್ಥ ಎಲ್ಲಿಯೂ ಬದಲಾಗಿಲ್ಲ. ಬದಲಾಗಿರುವುದು ಅದರ ಪೂರ್ವಕಲ್ಪನೆಯ ಸ್ಥಿತಿ. ಮೊದಲ ವಾಕ್ಯವನ್ನು ನಾವು ಒಪ್ಪುವುದು ವಸ್ತುವು ಹಿಂದೆ ನಮ್ಮಲ್ಲಿತ್ತೆಂಬ ಎಣಿಕೆಯಿಂದ. ಎರಡನೆಯದನ್ನು ಒಪ್ಪುವುದು ಆ ಎಣಿಕೆಯನ್ನು ಕೈಬಿಟ್ಟು. ಸಾಮಾನ್ಯ ಕನ್ನಡಿಗನು ಇದಕ್ಕೆ 'ಕೊಂಬೇ ಇಲ್ಲದ ಮೇಲೆ ಕಳೆದುಕೊಳ್ಳುವುದೆಲ್ಲಿ ಬಂತು?' ಎಂದು ಉತ್ತರಿಸಿಯಾನು. ಅದು 'ಹೌದು' ಎಂಬುದೂ ಅಲ್ಲ, 'ಇಲ್ಲ' ಎಂಬುದೂ ಅಲ್ಲ. ಪ್ರಶ್ನೆಯ ಬುಡವನ್ನೇ ನಿರಾಕರಿಸುವ ಮಾತು.

ಗ್ರೀಕ್ ವಾದಪದ್ಧತಿಯು ಇಂಥ ಉತ್ತರಕ್ಕೆ ಎಡೆಗೊಡುತ್ತಿರಲಿಲ್ಲ. ಯೂಬ್ಯುಲಿಡೀಸನ ಪರಂಪರೆಯ ಅಲೆಕ್ಸಿನಸನು ಎರೆಟ್ರಿಯದ ಮೆನಿಡೀಮಸನನ್ನು, ತಂದೆಯನ್ನು ಹೊಡೆಯುವುದನ್ನು ನಿಲ್ಲಿಸಿರುವೆಯಾ ಎಂದು ಕೇಳಿದನಂತೆ. ತಾನು ಹೊಡೆಯಲೂ ಇಲ್ಲ, ನಿಲ್ಲಿಸಲೂ ಇಲ್ಲವೆಂದು ಮೆನಿಡೀಮಸನ ಉತ್ತರ. ಹೌದು ಅಥವಾ ಇಲ್ಲವೆಂದೇ ಹೇಳಬೇಕೆಂದು ಒತ್ತಾಯಿಸಿದಾಗ, ಬಾಗಿಲಲ್ಲೇ ಎದುರಿಸಬಹುದಾಗಿರುವಾಗ ನಿಮ್ಮ ನಿಯಮಗಳಿಗೆ ಕಟ್ಟುಬೀಳುವುದು ನಗೆಗೀಡು ಎಂದು ಅವನು ಮರುನುಡಿದನೆಂದು ಡಯಾಜಿನೀಸನೇ ದಾಖಲಿಸಿದ್ದಾನೆ. ಒಂದೇ ಪ್ರಶ್ನೆಯಲ್ಲಿ ಹಲವನ್ನು ಅಡಗಿಸುವ ಇಂಥ ದೋಷವನ್ನು ಅರಿಸ್ಟಾಟಲನು ನುಡಿಯ ಹೊರಗಿನ ವರ್ಗದಲ್ಲಿ ಇರಿಸಿದ್ದಾನೆ. ಪದದ ಮಟ್ಟದಲ್ಲಿ ಅದು ಸರಿ. ಆದರೆ ಪೂರ್ವಕಲ್ಪನೆಯು ಇಂದು ಅರ್ಥವಿಜ್ಞಾನದ ಕೇಂದ್ರ ವಿಷಯ. ಅರಿಸ್ಟಾಟಲನ 'ಹೊರಗು' ನಮಗೆ ಭಾಷೆಯ 'ಒಳಗೆ' ಬಂದಿದೆ.

4. ಅನುವಾದಕನೇ ಬಿಡಿಸುವ ಒಗಟು

ಅದೇ ಪಟ್ಟಿಯ 'ಮುಸುಕುಧಾರಿ' ಹೀಗಿದೆ: ನಿನ್ನ ತಂದೆ ನಿನಗೆ ಗೊತ್ತೇ? ಗೊತ್ತು. ಈ ಮುಸುಕುಧಾರಿ ಗೊತ್ತೇ? ಇಲ್ಲ. ಇವನೇ ನಿನ್ನ ತಂದೆ; ಆದ್ದರಿಂದ ನಿನ್ನ ತಂದೆ ನಿನಗೆ ಗೊತ್ತಿಲ್ಲ.

ಮೊದಲ ಪ್ರಶ್ನೆಗೆ 'ಗೊತ್ತು', ಎರಡನೆಯದಕ್ಕೆ 'ಗುರುತು ಹಿಡಿಯಬಲ್ಲೆಯಾ' ಎಂದು ಬಳಸಿದರೆ ಕನ್ನಡ ವಾಕ್ಯವು ಸುಗಮವಾಗುತ್ತದೆ, ಒಗಟು ಮಾಯವಾಗುತ್ತದೆ. ಆಗ ಅದನ್ನು ಬಿಡಿಸಿದವನು ಅನುವಾದಕ. ಓದುಗನಿಗೆ ಬಿಡಿಸಲು ಏನೂ ಉಳಿದಿರುವುದಿಲ್ಲ. ಅಷ್ಟೇ ಅಲ್ಲ, ದೋಷವು ಕ್ರಿಯಾಪದದಲ್ಲಿದೆ ಎಂಬ ನಿರ್ಣಯವನ್ನೂ ಅವನು ಸದ್ದಿಲ್ಲದೆ ಮಾಡಿರುತ್ತಾನೆ. ಇದು ಚರ್ಚಾಸ್ಪದ. 'ಗೊತ್ತು' ಎಂಬುದನ್ನು ಒಂದೇ ಅರ್ಥದಲ್ಲಿ ಸ್ಥಿರವಾಗಿರಿಸಿದರೂ, ಒಬ್ಬನನ್ನೇ ಸೂಚಿಸುವ ಎರಡು ಪದಪುಂಜಗಳನ್ನು ಅದರ ಜೊತೆ ಒಂದರ ಬದಲಿಗೆ ಮತ್ತೊಂದಾಗಿ ಇರಿಸಬಹುದೇ ಎಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಫ್ರೇಗೆಯು 1892ರಲ್ಲಿ ಪ್ರಕಟಿಸಿದ, ಅರ್ಥ ಮತ್ತು ನಿರ್ದೇಶ್ಯಗಳನ್ನು ಕುರಿತ ಪ್ರಬಂಧದಲ್ಲಿ ಪೂರ್ವಕಲ್ಪನೆ ಮತ್ತು ಪದವಿನಿಮಯ ಇವೆರಡೂ ಒಟ್ಟಿಗೆ ಚರ್ಚೆಗೆ ಬಂದಿರುವುದು ಗಮನಾರ್ಹ.

5. ಉಪಸಂಹಾರ

ಮೇಲಿನ ಮೂರು ನಿದರ್ಶನಗಳಿಂದ ಒಂದು ವಿಧಾನಸೂತ್ರವನ್ನು ಹೊರಡಿಸಬಹುದು. ಮೂಲದಲ್ಲಿ ಒಂದೇ ಆಗಿರುವ ಪದವು ಕನ್ನಡದಲ್ಲಿ ಎರಡಾಗಿ ಒಡೆಯುವೆಡೆಯಲ್ಲಿ, ಅನುವಾದಕನು ವಾದದ ಉದ್ದಕ್ಕೂ ಒಂದನ್ನೇ ಉಳಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ಒಡಕನ್ನು ಬಹಿರಂಗವಾಗಿ ಗುರುತಿಸಬೇಕು. ಭಾಷೆ ತುಸು ಒರಟಾದರೂ ಚಿಂತೆಯಿಲ್ಲ. ವಿರೋಧಾಭಾಸವನ್ನು ಅರ್ಥೈಸುವ ಮೊದಲು ಅದು ನಮ್ಮ ನುಡಿಯಲ್ಲಿ ಇನ್ನೂ ವಿರೋಧವಾಗಿ ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ.