ಚೌಕಳಿ ಗೋಡೆಯ ಮುಂದೆ ಹೆಣ್ಣು

ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಹೂಡಿ, ಹೌದೆಂದು ತೋರಿಸಿಕೊಟ್ಟ. ಆರು ವರ್ಷದ ನಂತರ ಅದೇ ವಿದ್ಯೆ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಬಂತು. ಈ ಸಲ ಕ್ಯಾಮೆರಾಗಳ ಮುಂದೆ ಮನುಷ್ಯರು, ಅನೇಕರು ಬೆತ್ತಲೆ. ಬೆನ್ನ ಹಿಂದೆ ಕಪ್ಪು ಗೋಡೆ, ಅದರ ಮೇಲೆ ಬಿಳಿ ದಾರದ ಚೌಕಳಿ. ಆ ಅಳತೆಗೆರೆಗಳೇ ಬೆತ್ತಲೆಗೆ ವಿಜ್ಞಾನದ ರಹದಾರಿ. 1887ರಲ್ಲಿ ‘ಅನಿಮಲ್ ಲೋಕೊಮೋಷನ್’ ಎಂಬ ಹೆಸರಿನಲ್ಲಿ 781 ಫಲಕಗಳು ಹೊರಬಂದವು.

ಅವುಗಳಲ್ಲಿ ಗಂಡಸರು ಓಡುತ್ತಾರೆ, ಕುಸ್ತಿ ಹಿಡಿಯುತ್ತಾರೆ, ಇಟ್ಟಿಗೆ ಜೋಡಿಸುತ್ತಾರೆ. ಹೆಂಗಸರೂ ನಡೆಯುತ್ತಾರೆ, ಮೆಟ್ಟಿಲು ಇಳಿಯುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಅವರ ಕೈಗೆ ಬೀಸಣಿಗೆ ಬರುತ್ತದೆ, ಹೂಜಿ ಬರುತ್ತದೆ. ಮಲಗಲು ಹಾಸಿಗೆ ಬರುತ್ತದೆ. ಕುಳಿತವಳ ಮೇಲೆ ಇನ್ನೊಬ್ಬಳು ಬಕೆಟ್ ನೀರು ಸುರಿಯುತ್ತಾಳೆ. 73ನೇ ಫಲಕದ ಶೀರ್ಷಿಕೆಯಂತೂ ‘ಬೆಚ್ಚಿ ತಿರುಗಿ ಓಡುವುದು’ ಎಂಬರ್ಥದ್ದು. ಹೆಜ್ಜೆಯ ಉದ್ದವನ್ನು ಚೌಕಳಿಯಲ್ಲಿ ಎಣಿಸಬಹುದು, ಬೆಚ್ಚಿದ್ದನ್ನು ಹೇಗೆ ಎಣಿಸುವುದು? ಆಕೆ ಬೆಚ್ಚಿದ್ದು ಯಾರನ್ನು ಕಂಡು? ಕದ್ದು ನೋಡುವವನೊಬ್ಬನನ್ನು ನಾವೇ ಕಲ್ಪಿಸಿಕೊಳ್ಳದೆ ಆ ಚಿತ್ರಕ್ಕೆ ಅರ್ಥವೇ ಇಲ್ಲ. ಅಂದರೆ ಅಲ್ಲಿ ನಡೆದದ್ದು ಚಲನೆಯ ಅಧ್ಯಯನವಲ್ಲ, ನಾಟಕ.

ಇತಿಹಾಸಕಾರ್ತಿ ಮಾರ್ಟಾ ಬ್ರೌನ್ ಈ ಫಲಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹಲವೆಡೆ ಚಿತ್ರಗಳ ಅನುಕ್ರಮವೇ ಹೊಂದುವುದಿಲ್ಲ, ನಡುವೆ ಬಿಟ್ಟುಹೋದವೂ ಸೇರಿಸಿದವೂ ಇವೆ ಎಂದು ತೋರಿಸಿದ್ದಾರೆ.

ನನ್ನನ್ನು ಹೆಚ್ಚು ಕಲಕಿದ್ದು ಈ ಫಲಕಗಳ ವಿವರಪಟ್ಟಿ. ರೂಪದರ್ಶಿಗಳಿಗೆ ಅಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಒಂದನೆಯವಳು ಮೂವತ್ತೈದರ ವಿಧವೆ, ಸಣಕಲು ಮೈ. ಮೂರನೆಯವಳು ವಿವಾಹಿತೆ, ದಪ್ಪ. ಇಪ್ಪತ್ತನೆಯವಳು ಅವಿವಾಹಿತೆ, ತೂಕ 340 ಪೌಂಡ್. ಗಂಡಸರ ಸರದಿ ಬಂದಾಗ ಮದುವೆಯ ಮಾತಿಲ್ಲ. ಓಟ, ಜಿಗಿತ ಮಾಡಿದವರು ಹೆಚ್ಚಿನಂಶ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆಂದು ಗೌರವದಿಂದ ಹೇಳಲಾಗಿದೆ. ನಡಿಗೆಯ ಶಾಸ್ತ್ರಕ್ಕೆ ವೈಧವ್ಯದಿಂದ ಏನಾಗಬೇಕಿತ್ತು? ಮೈಬ್ರಿಜ್ ತಾನೂ ಬಟ್ಟೆ ಕಳಚಿ ಕ್ಯಾಮೆರಾ ಮುಂದೆ ನಿಂತಿದ್ದಾನೆ, ಅದನ್ನು ಮರೆಯಬಾರದು. ಪಟ್ಟಿಯಲ್ಲಿ ಆತ 95ನೇ ಸಂಖ್ಯೆ: ಸುಮಾರು ಅರವತ್ತರ ಮಾಜಿ ಕ್ರೀಡಾಪಟು.

ದುಬಾರಿಯಾದ ಈ ಫಲಕಗಳನ್ನು ಕೊಂಡವರಲ್ಲಿ ವಿಜ್ಞಾನಿಗಳಷ್ಟೇ ಅಲ್ಲ, ಕಲಾವಿದರೂ ಕಲಾಸಂಸ್ಥೆಗಳೂ ಇದ್ದವು. 1901ರಲ್ಲಿ ಮನುಷ್ಯರ ಚಿತ್ರಗಳನ್ನಷ್ಟೇ ಆರಿಸಿ ‘ದಿ ಹ್ಯೂಮನ್ ಫಿಗರ್ ಇನ್ ಮೋಷನ್’ ಎಂಬ ಅಗ್ಗದ ಪುಸ್ತಕವನ್ನು ಲಂಡನ್ನಿನಲ್ಲಿ ತಂದರು. ಚಿತ್ರ ಬರೆಯಲು ಕಲಿಯುವವರು ಇಂದಿಗೂ ಅದನ್ನು ಮುಂದಿಟ್ಟುಕೊಂಡು ಹೆಣ್ಣಿನ ಮೈಯ ಚಲನೆ ಅಭ್ಯಾಸ ಮಾಡುತ್ತಾರೆ.