ತಿದಿಯೋ ಬುತ್ತಿಯೋ

ಎಂಜಿನ್ನಿಗೆ ಪೆಟ್ರೋಲ್ ಕುಡಿಸುವುದು ಸುಲಭ, ಗಾಳಿ ಉಣಿಸುವುದೇ ಕಷ್ಟ. ಈ ಕಷ್ಟಕ್ಕೆ ಮನುಷ್ಯ ಹುಡುಕಿಕೊಂಡ ಉಪಾಯಗಳಲ್ಲಿ ಒಂದು ಮನೆ ಮುಂದಿನ ಕಾರಿಗೂ ಬಂತು, ಇನ್ನೊಂದು ರೇಸಿನ ಅಂಗಳದಲ್ಲೇ ಉಳಿಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಡ್ಡಗಲ್ಲಿಯಲ್ಲಿ ಟರ್ಬೊ ರಿಪೇರಿ ಮಾಡುವ ಪುಟ್ಟ ಅಂಗಡಿ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಡೀಸೆಲ್ ಕಾರೊಂದರ ಟರ್ಬೊ ಬಿಚ್ಚಿಟ್ಟಿದ್ದರು. ಬಸವನಹುಳುವಿನ ಎರಡು ದೊಡ್ಡ ಚಿಪ್ಪುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಕೂರಿಸಿದ ಹಾಗೆ ಕಾಣುತ್ತಿತ್ತು. ನಡುವೆ ಪೆನ್ಸಿಲ್ ಗಾತ್ರದ ಉಕ್ಕಿನ ಕಡ್ಡಿ, ಅದರ ಎರಡು ತುದಿಗೂ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಚಕ್ರ. ಎಂಜಿನ್ ಉಗುಳುವ ಬಿಸಿ ಹೊಗೆ ಬಡಿದು ಒಂದು ಚಕ್ರ ತಿರುಗುತ್ತದೆ. ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ ಈ ಕಡ್ಡಿಗೆ ಆಧಾರವೆಂದರೆ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಅಷ್ಟೆ.

ಮೆಕ್ಯಾನಿಕ್ ಕಡ್ಡಿಯನ್ನು ಉಗುರಲ್ಲಿ ಅಲುಗಾಡಿಸಿ ತೋರಿಸಿದರು. “ಪ್ಲೇ ಬಂದ್ಬಿಟ್ಟಿದೆ ಸಾರ್. ಘಾಟ್ ಹತ್ತಿ ಬಂದವ್ರು ನಿಲ್ಸಿದ ತಕ್ಷಣ ಆಫ್ ಮಾಡ್ತಾರೆ. ಆಯಿಲ್ ನಿಂತೋಗುತ್ತೆ, ಬಿಸಿ ಎಲ್ಲಿಗೋಗ್ಬೇಕು? ಬೇರಿಂಗ್ ತಿನ್ನುತ್ತೆ.” ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಬೇರೆಯದೇ ಚಿಂತೆ. “ಅಣ್ಣಾ, ಇದೆಲ್ಲ ಬಿಟ್ಟು ನನ್ ಗಾಡಿಗೆ ನೈಟ್ರಸ್ ಹಾಕ್ಸಿದ್ರೆ?” ಅಷ್ಟರಲ್ಲಿ ಫೋನ್ ಬಂತು, ಉತ್ತರ ಬಾಕಿ ಉಳಿಯಿತು.

ಹುಡುಗನ ಪ್ರಶ್ನೆಗೆ ನೂರು ವರ್ಷ ಮೀರಿದ ಹಿನ್ನೆಲೆಯಿದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಸಮುದ್ರಮಟ್ಟದಲ್ಲಿ ಸುಮಾರು 9,000 ಲೀಟರ್ ಗಾಳಿ ಬೇಕು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಸಾಮಾನ್ಯ ಎಂಜಿನ್, 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಕಸುವಿನ ಹತ್ತನೇ ಒಂದು ಪಾಲನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಹೆಚ್ಚು ಕಸುವು ಬೇಕೆಂದರೆ ಹೆಚ್ಚು ಗಾಳಿ ಬೇಕು. ಅದಕ್ಕೆ ಕಮ್ಮಾರನಂತೆ ತಿದಿ ಒತ್ತಬೇಕು, ಇಲ್ಲವೇ ಆಮ್ಲಜನಕದ ಬುತ್ತಿ ಕಟ್ಟಿಕೊಂಡು ಹೋಗಬೇಕು.

ಕುಲುಮೆಯ ನೆಂಟಸ್ತಿಕೆ

ತಿದಿ ಎಂಬುದು ಇಲ್ಲಿ ಬರಿಯ ಹೋಲಿಕೆಯಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನಲ್ಲಿ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಅದೇ ವಿನ್ಯಾಸ ಮುಂದೆ ಕಾರಿನ ಎಂಜಿನ್ ಏರಿ ಸೂಪರ್‌ಚಾರ್ಜರ್ ಆಯಿತು. 1921ರಲ್ಲಿ ಮರ್ಸಿಡಿಸ್ ಇಂಥ ಕಾರುಗಳನ್ನು ಮಾರುಕಟ್ಟೆಗೇ ತಂದಿತು. ಆದರೆ ಈ ತಿದಿ ಒತ್ತುವ ಕೂಲಿಯೂ ಎಂಜಿನ್ನೇ. ಗಳಿಸಿಕೊಟ್ಟದ್ದರಲ್ಲಿ ಒಂದು ಪಾಲನ್ನು ತಿದಿ ತಾನೇ ತಿನ್ನುತ್ತದೆ. ತಮ್ಮ ಹೆಸರಿನ ಕಾರಿಗೆ ಬ್ಲೋವರ್, ಅಂದರೆ ಇದೇ ತಿದಿ, ಕೂರಿಸುವುದಕ್ಕೆ ಡಬ್ಲ್ಯೂ.ಒ. ಬೆಂಟ್ಲಿ ಅವರೇ ಒಪ್ಪಿರಲಿಲ್ಲ. ಬ್ಲೋವರ್ ಬೆಂಟ್ಲಿ ಬಹಳ ಹೆಸರು ಮಾಡಿತು, ಆದರೆ ಲ ಮಾನ್ ರೇಸನ್ನು ಒಮ್ಮೆಯೂ ಗೆಲ್ಲಲಿಲ್ಲ.

ಪುಕ್ಕಟೆ ಕೂಲಿ ಸಿಗುವುದೆಲ್ಲಿ ಎಂದು ಯೋಚಿಸಿದವರು ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರ್ ಮೂಲಕ ಬೀದಿಪಾಲಾಗುತ್ತದೆ. ಆ ಹೊಗೆಯಿಂದಲೇ ತಿದಿ ಒತ್ತಿಸಿದರೆ? 1905ರಲ್ಲಿ ಅವರು ಪೇಟೆಂಟ್ ಪಡೆದರು. ಅಷ್ಟು ಬಿಸಿ ತಾಳುವ ಲೋಹ ಆಗಿನ್ನೂ ಇರಲಿಲ್ಲ, ಹಾಗಾಗಿ ಕಲ್ಪನೆ ಕಾಗದದಲ್ಲೇ ಬಹುಕಾಲ ಕಾದಿತ್ತು. ಇಪ್ಪತ್ತರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಿಗೆ ಟರ್ಬೊ ಕೂರಿಸಿದಾಗ ಎಂಜಿನ್ನಿನ ಶಕ್ತಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು.

ಅಮೆರಿಕದಲ್ಲಿ ಇದೇ ಯಂತ್ರದ ಪರೀಕ್ಷೆ ನಡೆದದ್ದು ಬೆಟ್ಟದ ನೆತ್ತಿಯಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ವಿಮಾನದ ಲಿಬರ್ಟಿ ಎಂಜಿನ್ ಒಂದನ್ನು ಲಾರಿಯ ಮೇಲೆ ಹೇರಿಕೊಂಡು ಕೊಲೊರಾಡೊದ ಪೈಕ್ಸ್ ಪೀಕ್ ಹತ್ತಿದರು. 14,000 ಅಡಿ ಎತ್ತರದ ತೆಳುಗಾಳಿಯಲ್ಲಿ ಬಳಲಿದ ಎಂಜಿನ್, ಟರ್ಬೊ ಊದಿದ ಮೇಲೆ ಸಮುದ್ರಮಟ್ಟದಲ್ಲಿದ್ದಷ್ಟೇ ಕಸುವು ತೋರಿತು.

ಆಕಾಶದಲ್ಲಿ ನಗೆ ಅನಿಲ

ಬುತ್ತಿಯ ಕಥೆ ಶುರುವಾಗುವುದು ಪ್ರಯೋಗಾಲಯದಲ್ಲಿ. ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಕಂಡುಹಿಡಿದ ನೈಟ್ರಸ್ ಆಕ್ಸೈಡನ್ನು ಹಂಫ್ರಿ ಡೇವಿ 1799ರ ಹೊತ್ತಿಗೆ ತಾವೇ ಉಸಿರಾಡಿ ನಕ್ಕು ನಲಿದಿದ್ದರು. ಮುಂದೆ ಅದು ಹಲ್ಲು ಕೀಳುವ ವೈದ್ಯರ ಅರಿವಳಿಕೆಯಾಯಿತು. ಎಂಜಿನ್ನಿಗೆ ಬೇಕಾದದ್ದು ಅದರ ಇನ್ನೊಂದು ಗುಣ. ಸುಮಾರು 300 ಡಿಗ್ರಿ ಶಾಖಕ್ಕೆ ಅನಿಲ ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಶೇ 23ರಷ್ಟು ಆಮ್ಲಜನಕವಿದ್ದರೆ ಇದರಲ್ಲಿ ಶೇ 36. ದ್ರವವಾಗಿ ಚಿಮ್ಮಿದಾಗ ಒಳಬರುವ ಗಾಳಿಯನ್ನು ತಣ್ಣಗೂ ಮಾಡುತ್ತದೆ. ಅಂದಹಾಗೆ, ನೈಟ್ರಸ್ ತಾನಾಗಿ ಇಂಧನವಲ್ಲ. ಹೆಚ್ಚು ಪೆಟ್ರೋಲ್ ಉರಿಯಲು ಒದಗಿಬರುವುದಷ್ಟೇ ಅದರ ಕೆಲಸ.

ತಿದಿ ಮತ್ತು ಬುತ್ತಿ ಎದುರುಬದುರಾದದ್ದು ಎರಡನೇ ಮಹಾಯುದ್ಧದ ಆಕಾಶದಲ್ಲಿ. ರೋಲ್ಸ್ ರಾಯ್ಸ್‌ನಲ್ಲಿ ಗಣಿತಜ್ಞ ಸ್ಟ್ಯಾನ್ಲಿ ಹೂಕರ್ ಮರ್ಲಿನ್ ಎಂಜಿನ್ನಿನ ಸೂಪರ್‌ಚಾರ್ಜರನ್ನು ತಿದ್ದಿ ತೀಡಿದರು. 1942ರಲ್ಲಿ ಬಂದ ಹೊಸ ಸ್ಪಿಟ್‌ಫೈರ್ ಯುದ್ಧವಿಮಾನದಲ್ಲಿ ಗಾಳಿಯನ್ನು ಒಂದರ ಮೇಲೊಂದರಂತೆ ಎರಡು ಹಂತದಲ್ಲಿ ಒತ್ತುವ ಏರ್ಪಾಡಿತ್ತು. ಜರ್ಮನ್ನರು ಕೆಲವು ವಿಮಾನಗಳಲ್ಲಿ ನೈಟ್ರಸ್ ತೊಟ್ಟಿ ಹೊತ್ತರು. ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಹೆಸರಿನಲ್ಲಿ ಜಿಎಂ-1 ಎಂದು ಕರೆಸಿಕೊಂಡ ಆ ವ್ಯವಸ್ಥೆಗೆ ಸೈನಿಕರ ಬಾಯಲ್ಲಿ ‘ಹಾ-ಹಾ’ ಎಂಬ ಅಡ್ಡಹೆಸರು ಬಿತ್ತು. ತೀರಾ ಎತ್ತರದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ತೊಂದರೆ ಬುತ್ತಿಯದೇ: ನೆಲದಿಂದಲೂ ಭಾರ ಹೊರಬೇಕು, ಮೇಲೆ ಹೋದ ಮೇಲೆ ಬೇಗ ಮುಗಿಯುತ್ತದೆ.

ಮಾಸ್ ಬೆಟ್ಟ ಹತ್ತಿಸಿದ ಟರ್ಬೊದ ವಂಶ ಬೆಂಗಳೂರಿಗೂ ಬಂತು. ಯುದ್ಧ ಮುಗಿಸಿ ಹೊರಟವರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ಸುಮಾರು ನಲವತ್ತನ್ನು ಎಚ್‌ಎಎಲ್ 1948ರಿಂದ ಇಲ್ಲಿಗೆ ಹಾರಿಸಿ ತಂದು ದುರಸ್ತಿ ಮಾಡಿತು. ಆ ಮಾದರಿಯ ನಾಲ್ಕೂ ಎಂಜಿನ್ನಿಗೆ ಒಂದೊಂದು ಟರ್ಬೊ. ಗುಜರಿ ಎಂದುಕೊಂಡಿದ್ದ ಆ ವಿಮಾನಗಳು ನಮ್ಮ ವಾಯುಪಡೆಯಲ್ಲಿ 1968ರವರೆಗೂ ಹಾರಿದವು.

ನೆಲಕ್ಕಿಳಿದ ಮೇಲೆ

ಅಮೆರಿಕದ ಓಲ್ಡ್ಸ್‌ಮೊಬೈಲ್ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಹೆಚ್ಚಾದರೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಂಡು ಎಂಜಿನ್ ಕುಟ್ಟುತ್ತದೆ. ಅದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೊಂದು ಬಾಟಲಿಗೆ ತುಂಬಿಸುತ್ತಿರಬೇಕಿತ್ತು. ಜನ ತುಂಬಿಸಲು ಮರೆತರು. ಎರಡೇ ವರ್ಷಕ್ಕೆ ಕಾರು ನಿಂತಿತು. ತಿದಿಗೂ ಬುತ್ತಿ ಕಟ್ಟಿದ್ದೇ ಅದಕ್ಕೆ ಮುಳುವಾಯಿತು.

ನೈಟ್ರಸ್ ಕಾಲು ಮೈಲಿಯ ಡ್ರ್ಯಾಗ್ ರೇಸಿನಲ್ಲಿ ನೆಲೆ ಕಂಡುಕೊಂಡಿತು. ಡಿಕ್ಕಿಯಲ್ಲಿ ಒಂದು ಸಿಲಿಂಡರ್, ಒಂದು ಪೈಪು, ಒಂದು ಗುಂಡಿ. ಟರ್ಬೊಗಿಂತ ತೀರಾ ಅಗ್ಗ, ಒತ್ತಿದ ಕ್ಷಣವೇ ನೂರು ಅಶ್ವಶಕ್ತಿ. ಬಚ್ಚಿಡುವುದೂ ಸುಲಭ. 1976ರ ಡೇಟೋನಾ 500 ರೇಸಿನ ಅರ್ಹತಾ ಸುತ್ತಿನಲ್ಲಿ ಎ.ಜೆ. ಫಾಯ್ಟ್, ಡ್ಯಾರೆಲ್ ವಾಲ್ಟ್ರಿಪ್ ಅವರ ವೇಗದ ದಾಖಲೆ ರದ್ದಾದದ್ದು ನೈಟ್ರಸ್ ಕಾರಣಕ್ಕೇ. ಆದರೆ ನಾಲ್ಕೂವರೆ ಕಿಲೊ ಅನಿಲ ಒಂದೆರಡು ನಿಮಿಷಕ್ಕೆ ಬರಿದಾಗುತ್ತದೆ. ಜೊತೆಗೆ ಸಾಕಷ್ಟು ಪೆಟ್ರೋಲ್ ಸೇರದಿದ್ದರೆ ಪಿಸ್ಟನ್ ಕರಗುತ್ತದೆ. 36 ಡಿಗ್ರಿ ದಾಟಿದರೆ ಸಿಲಿಂಡರಿನೊಳಗೆ ಅದು ದ್ರವವಾಗಿ ಉಳಿಯದು, ಒತ್ತಡ ಏರುತ್ತಲೇ ಹೋಗುತ್ತದೆ. ಕಲಬುರಗಿಯ ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯನ್ನು ನೆನೆಸಿಕೊಂಡರೆ ಸಾಕು.

ಟರ್ಬೊದ ಹಣೆಬರಹ ಬದಲಿಸಿದ್ದು ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು. ಅಲ್ಲಿಯವರೆಗೆ ದೊಡ್ಡ ಎಂಜಿನ್ನನ್ನು ಇನ್ನೂ ಬಲಶಾಲಿ ಮಾಡುತ್ತಿದ್ದ ಯಂತ್ರ, ಸಣ್ಣ ಎಂಜಿನ್ನಿಂದ ದೊಡ್ಡದರ ಕೆಲಸ ಮಾಡಿಸತೊಡಗಿತು. 1978ರಲ್ಲಿ ಮರ್ಸಿಡಿಸ್ ಟರ್ಬೊ ಡೀಸೆಲ್ ಕಾರು ತಂದಿತು. ನಮ್ಮಲ್ಲಿ 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಗಾತ್ರಕ್ಕೆ ಬೇಲಿ ಬಿದ್ದ ಮೇಲೆ ಕಸುವಿಗೆ ಉಳಿದ ದಾರಿ ಗಾಳಿಯದೊಂದೇ. ಇಂದು ಒಂದು ಲೀಟರ್ ಎಂಜಿನ್ನಿನ ಪುಟ್ಟ ಕಾರು ಶಿರಾಡಿ ಘಾಟಿಯಲ್ಲಿ ಉಬ್ಬಸಪಡದೆ ಹತ್ತುವುದು ಇದರಿಂದಲೇ. ಬಲಕ್ಕಾಗಿ ಹುಟ್ಟಿದ ಟರ್ಬೊ ಬಾಳಿದ್ದು ಉಳಿತಾಯದಿಂದ. ನೈಟ್ರಸ್‌ಗೆ ಉಳಿಸುವುದು ಗೊತ್ತೇ ಇಲ್ಲ.

ಕಾನೂನಿನ ಮಾತು ಬೇರೆಯೇ ಇದೆ. ನೋಂದಣಿ ಪುಸ್ತಕದಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹುಡುಗನ ಕಿವಿಗೆ ಅದು ಬಿದ್ದಂತಿರಲಿಲ್ಲ. ಫೋನ್ ಮುಗಿಸಿ ಬಂದ ಮೆಕ್ಯಾನಿಕ್ ಹೊಸ ಬೇರಿಂಗಿಗೆ ಆಯಿಲ್ ಸವರುತ್ತ, ತಲೆ ಎತ್ತದೆಯೇ ಕೇಳಿದರು:

“ಮಡಿಕೇರಿಗೆ ಹೋಗ್ಬರೋಕೆ ಎಷ್ಟು ಸಿಲಿಂಡರ್ ಹೊತ್ಕೊಂಡೋಗ್ತೀಯಪ್ಪಾ?”